ಮುರಕಲ್ಲಿನ ನೀರು, ಮನೆಯ ಈಜುಕೊಳ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಕಳೆದ ವರ್ಷ ಅಂಗಳದ ಬದಿಯಲ್ಲಿ, ಅಡಿಕೆ ತೋಟಕ್ಕೆ ತಾಗಿ, 25 ಅಡಿ ಉದ್ದ, 12 ಅಡಿ ಅಗಲ, 4 ಅಡಿ ಆಳದ ಪೂಲ್ ಕಟ್ಟಿಸಿದೆವು. ಒಳಗೆ ಟೈಲ್ಸ್. ನೀರು ಬಾವಿಯದು, ಸ್ವಲ್ಪ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ್ದು. ಅಂಗಡಿಯವರು ಹೇಳಿದಂತೆ ವಾರಕ್ಕೆ 200 ಗ್ರಾಮಿನ ಎರಡು ಕ್ಲೋರಿನ್ ಮಾತ್ರೆ ಹಾಕುತ್ತೇವೆ. ಆದರೂ ಮಕ್ಕಳ ಕಣ್ಣು ಉರಿಯುತ್ತದೆ. ಟೈಲ್ಸ್ ನಡುವಿನ ಸಿಮೆಂಟ್ ಉದುರುತ್ತಿದೆ, ಸ್ಟೀಲ್ ಏಣಿಗೆ ತುಕ್ಕು ಹಿಡಿದಿದೆ. ಮಳೆಗಾಲದಲ್ಲಿ ನೀರು ಹಸಿರಾಗಿ ಗೋಡೆ ಜಾರುತ್ತಿತ್ತು. ಕೇಳಿದರೆ ಮಾತ್ರೆ ಜಾಸ್ತಿ ಹಾಕಿ ಅನ್ನುತ್ತಾರೆ. ಮಿದುಳಿಗೆ ಹೋಗುವ ಅಮೀಬಾದ ಸುದ್ದಿ ಕೇಳಿ ನನ್ನ ಹೆಂಡತಿಗೆ ಹೆದರಿಕೆ. ಅಮ್ಮ "ಮಣ್ಣು ತುಂಬಿಸಿ ಬಾಳೆ ನೆಡು" ಅನ್ನುತ್ತಾರೆ. ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸಿದರೆ ಸರಿಯಾದೀತಾ? ಏಪ್ರಿಲ್ ರಜೆಗೆ ಅಕ್ಕನ ಮಕ್ಕಳು ಬರುತ್ತಾರೆ, ಚಿಕ್ಕವನಿಗೆ ಮೂರು ವರ್ಷ.

ಉತ್ತರ: ಪೂಲ್ ಮುಚ್ಚುವುದು ಬೇಡ. ಪೂರ್ತಿ ಖಾಲಿ ಮಾಡುವುದೂ ಬೇಡ. ಮಾತ್ರೆ ಹಾಕುವುದನ್ನು ಇವತ್ತೇ ನಿಲ್ಲಿಸಿ. ಮತ್ತೆ, ಆ ಮೂರು ವರ್ಷದ ಮಗು ಮನೆಗೆ ಬರುವ ಮೊದಲು ಪೂಲ್ ಸುತ್ತ ಬೇಲಿ ಆಗಿರಬೇಕು. ಬೇಲಿ ಆಗುವುದಿಲ್ಲ ಅಂತಾದರೆ ನಾನು ನಿಮ್ಮ ಅಮ್ಮನ ಪಕ್ಷ.

ನೀವು ಕಣ್ಣುರಿಯ ಬಗ್ಗೆ ಬರೆದಿದ್ದೀರಿ, ತುಕ್ಕಿನ ಬಗ್ಗೆ, ಅಮೀಬಾದ ಬಗ್ಗೆ ಬರೆದಿದ್ದೀರಿ. ಬೇಲಿಯ ಸುದ್ದಿ ಎಲ್ಲೂ ಇಲ್ಲ. ಅಮೀಬಾ ಅಪರೂಪದ ಕಾಯಿಲೆ. ಪುಟ್ಟ ಮಗು ಯಾರಿಗೂ ಗೊತ್ತಾಗದೆ ನೀರಿನ ಹತ್ತಿರ ಹೋಗುವುದು ದಿನಾ ಆಗುವ ವಿಷಯ. ಸಿನಿಮಾದಲ್ಲಿ ತೋರಿಸುವಂತೆ ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಸಮಯ ಸಾಲುವುದಿಲ್ಲ, ಕೂಗುವುದು ಎಲ್ಲಿಂದ? ಒಂದು ನಿಮಿಷದೊಳಗೆ ಎಲ್ಲ ಮುಗಿದಿರಬಹುದು, ಅದೂ ಸದ್ದಿಲ್ಲದೆ.

ಬೇಲಿ ನಾಲ್ಕೂ ಕಡೆ ಬೇಕು. ಮನೆಯ ಗೋಡೆಯನ್ನೇ ಒಂದು ಬದಿ ಅಂತ ಲೆಕ್ಕ ಹಾಕಬೇಡಿ. ಆ ಗೋಡೆಯಲ್ಲಿ ಬಾಗಿಲಿರುತ್ತದೆ, ಮಗು ಬರುವುದು ಆ ಬಾಗಿಲಿನಿಂದಲೇ. ಎತ್ತರ ಕನಿಷ್ಠ 4 ಅಡಿ. ಸರಳಿನ ನಡುವೆ, ಕೆಳಗೆ ನೆಲದ ಹತ್ತಿರ, 4 ಇಂಚಿಗಿಂತ ಜಾಸ್ತಿ ಸಂದು ಇರಬಾರದು. ಅಡ್ಡ ಪಟ್ಟಿ ಇದ್ದರೆ ಮಗು ಅದನ್ನೇ ಮೆಟ್ಟಿಲು ಮಾಡಿಕೊಳ್ಳುತ್ತದೆ, ಉದ್ದ ಸರಳೇ ಒಳ್ಳೆಯದು. ಗೇಟು ಹೊರಗಡೆಗೆ ತೆರೆಯಬೇಕು, ಕೈ ಬಿಟ್ಟ ಕೂಡಲೇ ತಾನಾಗಿ ಮುಚ್ಚಿ ಚಿಲಕ ಬೀಳಬೇಕು. ಚಿಲಕ ನಾಲ್ಕೂವರೆ ಅಡಿ ಎತ್ತರದಲ್ಲಿರಲಿ, ಬೇಲಿ ನಾಲ್ಕೇ ಅಡಿಯಾದರೂ ಗೇಟು ಅಷ್ಟು ಎತ್ತರ ಇರಲಿ. ಹಾಕಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಗೇಟನ್ನು ಎರಡೇ ಇಂಚು ತೆರೆದು ಕೈ ಬಿಡಿ. ಅಷ್ಟು ಸಣ್ಣ ಅಂತರದಿಂದಲೂ ಅದು ಬಂದು ಚಿಲಕಕ್ಕೆ ಕೂರಬೇಕು. ಪೂರ್ತಿ ತೆರೆದು ಬಿಟ್ಟರೆ ಯಾವ ಗೇಟಾದರೂ ಮುಚ್ಚಿಕೊಳ್ಳುತ್ತದೆ, ಎರಡು ಇಂಚಿನಲ್ಲಿ ಗುಟ್ಟು ಹೊರಬೀಳುತ್ತದೆ. ನಮ್ಮ ಉಪ್ಪುಗಾಳಿ, ಮಳೆಗೆ ಸ್ಪ್ರಿಂಗು ಬೇಗ ಬಿಗಿಯುತ್ತದೆ. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡುತ್ತಿರಿ. ಬೇಲಿಯ ಹೊರಗೆ ಕುರ್ಚಿ, ಅಡಿಕೆ ಗೋಣಿ, ಹೂವಿನ ಕುಂಡ ಇಟ್ಟರೆ ಬೇಲಿ ಇದ್ದೂ ಇಲ್ಲದ ಹಾಗೆ.

ಟಾರ್ಪಾಲು ಮುಚ್ಚಿದ್ದೇವಲ್ಲ ಅನ್ನುವವರಿದ್ದಾರೆ. ಸಡಿಲ ಟಾರ್ಪಾಲು ಇನ್ನೂ ಅಪಾಯ. ಮಗು ಅದನ್ನು ನೆಲ ಅಂದುಕೊಂಡು ಕಾಲಿಡುತ್ತದೆ. ಆಮೇಲೆ ಟಾರ್ಪಾಲು ಸುತ್ತಿಕೊಂಡರೆ ಮಗು ಮೇಲಿನಿಂದ ಕಾಣುವುದೂ ಇಲ್ಲ.

ಮನೆಯಲ್ಲಿ ಪೂಜೆ, ಕೋಲ, ಮದುವೆ ಅಂತ ಜನ ಸೇರಿದ ದಿನವೇ ಹೆಚ್ಚು ಅಪಾಯ. ಐವತ್ತು ಜನ ಇರುವಾಗ ಯಾರೋ ನೋಡುತ್ತಿರುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಂಥ ದಿನ ಗೇಟಿಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ಉಳಿದ ದಿನ ಮಕ್ಕಳು ನೀರಲ್ಲಿದ್ದಾಗ ಒಬ್ಬ ದೊಡ್ಡವರಿಗೆ ಅದೊಂದೇ ಕೆಲಸ. ಫೋನು ಒಳಗೆ, ಹದಿನೈದು ನಿಮಿಷಕ್ಕೆ ಜನ ಬದಲು. ಮೂರು ವರ್ಷದವನು ಆ ದೊಡ್ಡವರ ಕೈಗೆ ಸಿಗುವಷ್ಟು ಹತ್ತಿರವೇ ಇರಬೇಕು. ಗಾಳಿ ತುಂಬಿದ ತೋಳುಪಟ್ಟಿ ಆಟದ ಸಾಮಾನು, ಅದನ್ನು ನಂಬಬೇಡಿ.

ಪೂಲ್‌ನ ತಳದ ಡ್ರೇನನ್ನೂ ಒಮ್ಮೆ ನೋಡಿ. ಒಂದೇ ಡ್ರೇನ್ ಇದ್ದು, ಜಾಲರಿ ಚಪ್ಪಟೆಯಾಗಿದ್ದರೆ ಅಥವಾ ಒಡೆದಿದ್ದರೆ ಪಂಪಿನ ಎಳೆತಕ್ಕೆ ಕೂದಲೋ ಬಟ್ಟೆಯೋ ಸಿಕ್ಕಿಹಾಕಿಕೊಳ್ಳುತ್ತದೆ. 2002ರಲ್ಲಿ ಅಮೆರಿಕದಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಹೀಗೆ ಬಿಸಿನೀರಿನ ತೊಟ್ಟಿಯ ಡ್ರೇನಿಗೆ ಸಿಕ್ಕಿ ತೀರಿಕೊಂಡಳು. ಆಕೆಯ ಹೆಸರಿನಲ್ಲಿ 2007ರಲ್ಲಿ ಅಲ್ಲಿ ಕಾನೂನೇ ಬಂತು. ಉಬ್ಬಿದ ಆಕಾರದ ಸುರಕ್ಷಿತ ಜಾಲರಿ ಈಗ ನಮ್ಮಲ್ಲೂ ಸಿಗುತ್ತದೆ. ಹೊಸದಾಗಿ ಕಟ್ಟುವವರು ಮೂರು ಅಡಿ ಅಂತರದಲ್ಲಿ ಎರಡು ಡ್ರೇನ್ ಇಡಿಸಬೇಕು. ಆಗ ಒಂದು ಮುಚ್ಚಿದರೂ ಎಳೆತ ಇನ್ನೊಂದಕ್ಕೆ ಹೋಗುತ್ತದೆ.

ಇನ್ನು ನೀರಿಗೆ ಬರೋಣ.

ನಿಮ್ಮ ಪೂಲ್‌ನಲ್ಲಿ ಹಿಡಿಯುವುದು ಸುಮಾರು 34,000 ಲೀಟರ್. ಈ ಅಂಕಿಯನ್ನು ಪಂಪಿನ ಶೆಡ್ಡಿನ ಗೋಡೆಯಲ್ಲಿ ದೊಡ್ಡದಾಗಿ ಬರೆದಿಡಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಕಣ್ಣುರಿ, ಉದುರುವ ಸಿಮೆಂಟ್, ತುಕ್ಕು. ಈ ಮೂರೂ ಒಟ್ಟಿಗೆ ಬಂದರೆ ನೀರು ಹುಳಿಯಾಗಿದೆ ಅಂತ ಅರ್ಥ. ಕ್ಲೋರಿನ್ ಕಡಿಮೆಯಾದದ್ದಲ್ಲ. ನಮ್ಮ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ) ಗುಡ್ಡೆಯಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಮಳೆನೀರು ಅದರಲ್ಲಿ ಇಳಿದು ಬಾವಿಗೋ ಸುರಂಗಕ್ಕೋ ಬರುವಾಗ ಏನನ್ನೂ ಹೊತ್ತು ತರುವುದಿಲ್ಲ. ಕುಡಿಯಲು ಸಿಹಿ, ಬೇಳೆ ಚೆನ್ನಾಗಿ ಬೇಯುತ್ತದೆ, ಸಾಬೂನು ನೊರೆ ಬರುತ್ತದೆ. ಮನೆಬಳಕೆಗೆ ಇದಕ್ಕಿಂತ ಒಳ್ಳೆಯ ನೀರು ಬೇಕಾ? ಆದರೆ ಪೂಲ್‌ಗೆ ಇದು ಹಸಿದ ನೀರು. ಪಿಎಚ್ ಅಂದರೆ ಹುಳಿಯ ಅಳತೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ. ಅದು ಎಷ್ಟೋ ಕಡೆ 6.5ಕ್ಕಿಂತ ಕೆಳಗೆ. ಹುಳಿಯನ್ನು ತಡೆದು ನಿಲ್ಲಿಸುವ ಕ್ಷಾರತೆ ಇಲ್ಲ, ಕ್ಯಾಲ್ಸಿಯಂ ಇಲ್ಲ. ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಅದು ನಿಮ್ಮ ಟೈಲ್ಸ್ ಸಂದಿನ ಸಿಮೆಂಟಿನಿಂದ ತೆಗೆದುಕೊಳ್ಳುತ್ತದೆ.

ಇದಕ್ಕೆ ಆ ಮಾತ್ರೆ ಸೇರಿಸಿ. ಅದು ಟ್ರೈಕ್ಲೋರ್. ಕರಗಿದರೆ ಅದೂ ಹುಳಿ, ಪಿಎಚ್ 3ರ ಹತ್ತಿರ. ಗಡಸು ನೀರಿನ ಊರಲ್ಲಿ ಇದು ಒಳ್ಳೆಯ ಜೋಡಿ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಪಿಎಚ್ ಮೇಲೇರುತ್ತಲೇ ಇರುತ್ತದೆ, ಮಾತ್ರೆ ಅದನ್ನು ಕೆಳಗೆ ಎಳೆಯುತ್ತದೆ, ಲೆಕ್ಕ ಸಮ. ನಮ್ಮಲ್ಲಿ ಹುಳಿಗೆ ಹುಳಿ ಸೇರಿದಂತಾಗುತ್ತದೆ. ಡಬ್ಬಿಯ ಮೇಲಿನ ಸೂಚನೆ ಬರೆದವರು ಕಾಸರಗೋಡಿನ ನೀರು ನೋಡಿರಲಿಕ್ಕಿಲ್ಲ.

ಮಾತ್ರೆಯಲ್ಲಿ ಇನ್ನೊಂದು ಸಂಗತಿ ಇದೆ. ಕ್ಲೋರಿನ್ ಜೊತೆಗೆ ಸಯನ್ಯೂರಿಕ್ ಆಸಿಡ್ ಬರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಕಾಯುವುದು ಅದರ ಕೆಲಸ. 30ರಿಂದ 50 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇದ್ದರೆ ಒಳ್ಳೆಯದೇ. ಆದರೆ ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಇದು ಹೋಗುವುದಿಲ್ಲ, ನೀರಲ್ಲೇ ಕೂರುತ್ತದೆ. ನಿಮ್ಮ ಪೂಲ್‌ಗೆ 200 ಗ್ರಾಮಿನ ಒಂದು ಮಾತ್ರೆ ಹಾಕಿದರೆ ಕ್ಲೋರಿನ್ 5 ಪಿಪಿಎಂ ಸಿಗುತ್ತದೆ, ಜೊತೆಗೆ ಇದು 3 ಪಿಪಿಎಂ ಏರುತ್ತದೆ. ವಾರಕ್ಕೆ ಎರಡರಂತೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಲೆಕ್ಕ ಹಾಕಿ, 150 ಹತ್ತಿರ ಬರುತ್ತದೆ. ಅಷ್ಟಾದ ಮೇಲೆ ಕ್ಲೋರಿನ್ ಇದ್ದರೂ ಅದರ ಕೈ ಕಟ್ಟಿ ಹಾಕಿದಂತೆ. ಪರೀಕ್ಷೆಯಲ್ಲಿ 2 ಪಿಪಿಎಂ ಕಾಣುತ್ತದೆ, ಪಾಚಿ ಮಾತ್ರ ಆರಾಮವಾಗಿ ಬೆಳೆಯುತ್ತದೆ. "ಮಾತ್ರೆ ಜಾಸ್ತಿ ಹಾಕಿ" ಅನ್ನುವ ಸಲಹೆ ಕೆಲಸ ಮಾಡದಿರುವುದು ಇದಕ್ಕೇ.

ಈಗ ಏನು ಮಾಡಬೇಕು? ಮೊದಲು ಪರೀಕ್ಷೆ. ಪಟ್ಟಿ ಅದ್ದಿ ನೋಡುವ ಅಗ್ಗದ ಕಿಟ್ ಇದಕ್ಕೆ ಸಾಲದು. ಹನಿ ಹಾಕಿ ಎಣಿಸುವ ಕಿಟ್ ತರಿಸಿ. ಫ್ರೀ ಕ್ಲೋರಿನ್ (ಇನ್ನೂ ಖರ್ಚಾಗದೆ ಉಳಿದದ್ದು), ಪಿಎಚ್, ಕ್ಷಾರತೆ, ಕ್ಯಾಲ್ಸಿಯಂ, ಸಯನ್ಯೂರಿಕ್ ಆಸಿಡ್, ಐದೂ ಅದರಲ್ಲಿರಲಿ. ಎರಡು ವಿಷಯ ನೆನಪಿರಲಿ. ಪಿಎಚ್ ನೋಡುವ ಕೆಂಪು ದ್ರಾವಣ 6.8ಕ್ಕಿಂತ ಕೆಳಗೆ ಎಲ್ಲದಕ್ಕೂ ಒಂದೇ ಹಳದಿ ತೋರಿಸುತ್ತದೆ. 6.7 ಆದರೂ ಹಳದಿ, 5 ಆದರೂ ಹಳದಿ. ಹಾಗಾಗಿ "ಸ್ವಲ್ಪ ಕಡಿಮೆ ಇದೆ" ಅಂತ ಸಮಾಧಾನ ಪಡಬೇಡಿ. ಕ್ಲೋರಿನ್ ವಿಪರೀತ ಜಾಸ್ತಿ ಇದ್ದರೆ ಅದರ ಪರೀಕ್ಷೆಯ ಗುಲಾಬಿ ಬಣ್ಣ ಒಂದು ಕ್ಷಣ ಮಿಂಚಿ ಬಿಳಿಚಿಕೊಳ್ಳುತ್ತದೆ. ಕ್ಲೋರಿನ್ ಇಲ್ಲ ಅಂತ ತಪ್ಪು ತಿಳಿದು ಇನ್ನೂ ಸುರಿಯುವವರಿದ್ದಾರೆ. ಅನುಮಾನ ಬಂದರೆ ಪೂಲ್ ನೀರಿಗೆ ಒಂಬತ್ತು ಪಾಲು ಕುಡಿಯುವ ನೀರು ಬೆರೆಸಿ ಮತ್ತೆ ನೋಡಿ.

ಸಯನ್ಯೂರಿಕ್ ಆಸಿಡ್ ಪರೀಕ್ಷೆ ನೋಡಲು ಚಂದ. ಪೂಲ್ ನೀರಿಗೆ ಪುಡಿ ಅಥವಾ ದ್ರಾವಣ ಬೆರೆಸಿದರೆ ಮಜ್ಜಿಗೆನೀರಿನಂತೆ ಬೆಳ್ಳಗಾಗುತ್ತದೆ. ತಳದಲ್ಲಿ ಕಪ್ಪು ಚುಕ್ಕೆ ಇರುವ ಕೊಳವೆಗೆ ಅದನ್ನು ನಿಧಾನವಾಗಿ ಹೊಯ್ಯುತ್ತಾ ಮೇಲಿನಿಂದ ನೋಡಬೇಕು. ಚುಕ್ಕೆ ಮರೆಯಾದಲ್ಲಿ ನಿಲ್ಲಿಸಿ ಗೆರೆ ಓದಿ. ಬಿಸಿಲಿಗೆ ಬೆನ್ನು ಹಾಕಿ ನಿಂತು, ಕೊಳವೆ ಸೊಂಟದ ಎತ್ತರದಲ್ಲಿ ಹಿಡಿಯಿರಿ. ನೂರಕ್ಕಿಂತ ಮೇಲೆ ಬಂದರೆ ಪೂಲ್‌ನ ಮೂರನೇ ಒಂದು ಪಾಲಿನಿಂದ ಅರ್ಧದಷ್ಟು ನೀರು ಬದಲಿಸಬೇಕು. ಬೇರೆ ಮದ್ದಿಲ್ಲ. ಬಾವಿಯ ಅಡಿ ಕಾಣುವ ಕಾಲದಲ್ಲಿ ಒಂದೇ ದಿನ ಅಷ್ಟು ನೀರೆತ್ತುವುದು ಕಷ್ಟ ಅಲ್ವಾ? ನಾಲ್ಕೈದು ದಿನಕ್ಕೆ ಹಂಚಿ ಮಾಡಿ. ತೆಗೆದ ನೀರನ್ನು ಕ್ಲೋರಿನ್ ಸೊನ್ನೆಗೆ ಬಂದ ಮೇಲೆ ತೋಟಕ್ಕೆ ಬಿಡಬಹುದು.

ಆಮೇಲೆ ಕ್ಷಾರತೆ. ಅದು 80ರಿಂದ 120ರ ಒಳಗೆ ಇರಬೇಕು. ಅಡುಗೆ ಸೋಡಾ ಸಾಕು, ವಿಶೇಷ ಹೆಸರಿನ ದುಬಾರಿ ಡಬ್ಬಿ ಬೇಡ. ನಿಮ್ಮದು 20 ಇದ್ದರೆ 90ಕ್ಕೆ ತರಲು ಹತ್ತಿರ ಹತ್ತಿರ 4 ಕಿಲೋ ಬೇಕು. ಎರಡು ಸಲ ಮಾಡಿ ಹಾಕಿ, ನಡುವೆ ಒಂದು ದಿನ ಪಂಪು ಓಡಲಿ. ಇದರಿಂದ ಪಿಎಚ್ ಕೂಡ ಸ್ವಲ್ಪ ಏರುತ್ತದೆ. 7.2ಕ್ಕೆ ತಲುಪದಿದ್ದರೆ ವಾಷಿಂಗ್ ಸೋಡಾ 200 ಗ್ರಾಂ, ಆರು ಗಂಟೆ ಬಿಟ್ಟು ಪರೀಕ್ಷೆ, ಬೇಕಿದ್ದರೆ ಮತ್ತೆ 200. ಪಿಎಚ್ 7.2ರಿಂದ 7.6ರ ನಡುವೆ ನಿಲ್ಲಲಿ. ಅದಕ್ಕಿಂತ ಮೇಲೆ ಹೋದರೂ ನಷ್ಟವೇ. 7.5ರಲ್ಲಿ ಕ್ಲೋರಿನ್ನಿನ ಅರ್ಧದಷ್ಟು ಚುರುಕಾಗಿರುತ್ತದೆ, 8ರಲ್ಲಿ ಕಾಲು ಭಾಗವೂ ಉಳಿಯುವುದಿಲ್ಲ.

ಕೊನೆಗೆ ಕ್ಯಾಲ್ಸಿಯಂ, 200 ಪಿಪಿಎಂ ಹತ್ತಿರಕ್ಕೆ. ನಿಮ್ಮ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಚಕ್ಕೆ 9 ಕಿಲೋ ತನಕ ಬೇಕಾದೀತು. ಇದು ನೀರಿಗೆ ಬಿದ್ದರೆ ಚೆನ್ನಾಗಿ ಬಿಸಿಯಾಗುತ್ತದೆ, ಬಕೆಟ್ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ. ಸೋಡಾ ಹಾಕಿದ ದಿನವೇ ಹಾಕಿದರೆ ನೀರು ಹಾಲಾಗುತ್ತದೆ. ಎರಡು ದಿನ ಅಂತರ ಇರಲಿ.

ದಿನನಿತ್ಯಕ್ಕೆ ಯಾವ ಕ್ಲೋರಿನ್? ನಮ್ಮ ನೀರಿಗೆ ನನ್ನ ಮತ ಹಳೇ ಬ್ಲೀಚಿಂಗ್ ಪೌಡರಿಗೆ. ಬಾವಿಗೆ ಹಾಕುತ್ತೇವಲ್ಲ, ಅದೇ. ಹಳ್ಳಿ ಮದ್ದು ಅಂತ ಪೂಲ್ ಅಂಗಡಿಯವರು ಮೂಗು ಮುರಿಯುತ್ತಾರೆ. ಆದರೆ ಅದು ಪಿಎಚ್ ಇಳಿಸುವುದಿಲ್ಲ, ನಮಗೆ ಕೊರತೆ ಇರುವ ಕ್ಯಾಲ್ಸಿಯಂ ಅನ್ನೂ ಕೊಡುತ್ತದೆ, ಸಯನ್ಯೂರಿಕ್ ಆಸಿಡ್ ಸೇರಿಸುವುದಿಲ್ಲ. ಗಸಿ ಬರುತ್ತದೆ, ಅದೊಂದು ತಾಪತ್ರಯ. ಪ್ಲಾಸ್ಟಿಕ್ ಬಕೆಟಿಗೆ ಮೊದಲು ಅರ್ಧ ನೀರು, ಆಮೇಲೆ ಪುಡಿ. ಕೋಲಿನಿಂದ ಕಲಕಿ ಅರ್ಧ ಗಂಟೆ ಬಿಡಿ. ಕೆಳಗೆ ಬಿಳಿ ಸುಣ್ಣ ಕೂರುತ್ತದೆ, ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದೆ. ಆ ತಿಳಿಯನ್ನು ಮಾತ್ರ, ಸಂಜೆ ಬಿಸಿಲು ಇಳಿದ ಮೇಲೆ, ಪಂಪು ಓಡುತ್ತಿರುವಾಗ ಪೂಲ್ ಸುತ್ತ ಹೊಯ್ಯಿರಿ. ನಿಮ್ಮ ಪೂಲ್‌ಗೆ 1 ಪಿಪಿಎಂ ಏರಿಸಲು 110 ಗ್ರಾಂ ಆಸುಪಾಸು ಬೇಕು. ಕರಾವಳಿಯ ತೇವಕ್ಕೆ ಈ ಪುಡಿ ಬೇಗ ಸತ್ತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಸಣ್ಣ ಪ್ಯಾಕೆಟ್ ತನ್ನಿ. ಗಟ್ಟಿಕಟ್ಟಿದ, ವಾಸನೆ ಸತ್ತ ಪುಡಿಯನ್ನು ಕಡಿಮೆಗೆ ಸಿಕ್ಕಿತು ಅಂತ ತರಬೇಡಿ. ಗಸಿಯ ತಾಪತ್ರಯ ಬೇಡ ಅಂದರೆ ದ್ರವ ಹೈಪೋಕ್ಲೋರೈಟ್. ನೂರಕ್ಕೆ ಹತ್ತರ ಸಾಂದ್ರತೆಯದು 340 ಮಿಲಿ ಹಾಕಿದರೆ 1 ಪಿಪಿಎಂ. ಅದೂ ಬಿಸಿಲಿಗೆ ಹಾಳಾಗುತ್ತದೆ, ಕ್ಯಾನು ನೆರಳಲ್ಲಿರಲಿ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಎರಡು ಸಲ ಓದಿ. ಉಳಿದ ಮಾತ್ರೆಯನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್, ಒಂದೇ ಚಮಚ, ಒಂದೇ ತೇಲುಡಬ್ಬಿಯಲ್ಲಿ ಯಾವತ್ತೂ ಸೇರಿಸಬೇಡಿ. ಎರಡೂ ಕ್ಲೋರಿನ್ನೇ ಅಲ್ವಾ ಅನ್ನಿಸಬಹುದು. ಒದ್ದೆಯಲ್ಲಿ ಎರಡೂ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಬಹುದು. ಯಾವುದೇ ಕ್ಲೋರಿನ್ನಿಗೆ ಆಸಿಡ್ ತಾಗಿದರೆ ವಿಷಗಾಳಿ ಬರುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಬಾಟಲಿ ಪಂಪ್ ಶೆಡ್ಡಿನಲ್ಲಿ ಇರಲೇಬಾರದು. ರಾಸಾಯನಿಕವನ್ನು ನೀರಿಗೆ ಹಾಕಬೇಕು, ರಾಸಾಯನಿಕದ ಮೇಲೆ ನೀರು ಹೊಯ್ಯಬಾರದು.

ಮಾತ್ರೆಯನ್ನು ಪೂರ್ತಿ ಬಿಟ್ಟುಬಿಡಿ ಅನ್ನುತ್ತಿಲ್ಲ. ಮಳೆಗಾಲ ಮುಗಿದ ಮೇಲೆ ಪೂಲ್‌ನಲ್ಲಿ ಸಯನ್ಯೂರಿಕ್ ಆಸಿಡ್ ಹೆಚ್ಚುಕಮ್ಮಿ ಸೊನ್ನೆಯಾಗಿರುತ್ತದೆ. ಆಗ ಹಾಕಿದ ಕ್ಲೋರಿನ್ ಬಿಸಿಲಿಗೆ ಒಂದು ಗಂಟೆಯೊಳಗೆ ಅರ್ಧ ಆಗುತ್ತದೆ. ಅಕ್ಟೋಬರಿನಲ್ಲಿ ಒಂದು ತಿಂಗಳು ಮಾತ್ರೆ ಹಾಕಿ. ಒಟ್ಟು ಒಂಬತ್ತು-ಹತ್ತು ಸಾಕು, 30 ಪಿಪಿಎಂ ಬರುತ್ತದೆ. ಆ ತಿಂಗಳು ಕ್ಷಾರತೆ ವಾರ ವಾರ ನೋಡಿ. ಆಮೇಲೆ ಬ್ಲೀಚಿಂಗ್ ಪೌಡರ್. ಫ್ರೀ ಕ್ಲೋರಿನ್ 2ರಿಂದ 4ರ ನಡುವೆ ಇರಲಿ, 1ಕ್ಕಿಂತ ಕೆಳಗೆ ಇಳಿದ ದಿನ ಯಾರೂ ಇಳಿಯುವುದು ಬೇಡ.

ಈಗ ನಮ್ಮ ಮಳೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ನಿಮ್ಮ ಪೂಲ್‌ನ ಮೇಲ್ಮೈ 300 ಚದರ ಅಡಿ. ಲೆಕ್ಕ ಹಾಕಿದರೆ ಆಕಾಶದಿಂದ ನೇರವಾಗಿ ಬೀಳುವುದೇ 97,000 ಲೀಟರ್, ಪೂಲ್‌ನ ಹತ್ತಿರ ಹತ್ತಿರ ಮೂರು ಪಟ್ಟು. ನೀವು ಹಾಕಿದ ಸೋಡಾ, ಕ್ಯಾಲ್ಸಿಯಂ, ಕ್ಲೋರಿನ್ ಎಲ್ಲ ತುಂಬಿ ಹರಿದು ಹೋಗುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನೀರು ಹಸಿರಾಗದೆ ಇನ್ನೇನಾದೀತು? ಅದರ ಮೇಲೆ ಕರೆಂಟೂ ಇಲ್ಲ, ಪಂಪೂ ಇಲ್ಲ.

ಮಳೆಗಾಲಕ್ಕೆ ನನ್ನ ಕ್ರಮ ಹೀಗೆ. ದುಬಾರಿ ಕ್ಯಾಲ್ಸಿಯಂ ಆಗ ಹಾಕುವುದಿಲ್ಲ, ದಂಡ. ಕ್ಲೋರಿನ್ ಮತ್ತು ಅಡುಗೆ ಸೋಡಾ ಮಾತ್ರ. ಜಡಿಮಳೆಯ ಮರುದಿನ ಪರೀಕ್ಷೆ, ಬೇಕಾದಷ್ಟು ತುಂಬಿಸುವುದು. ಪಂಪು ದಿನಕ್ಕೆ ಆರರಿಂದ ಎಂಟು ಗಂಟೆ. ಕರೆಂಟಿಲ್ಲದ ದಿನ ಕ್ಲೋರಿನ್ ಹೊಯ್ದು ಉದ್ದ ಕೋಲಿನ ಬ್ರಷ್‌ನಿಂದ ಗೋಡೆ ಉಜ್ಜಿ ನೀರು ಕಲಕಿ. ಅಂಗಳದ ಕೆಂಪು ನೀರು ಪೂಲ್‌ಗೆ ಹರಿಯದಂತೆ ಸುತ್ತ ಒಂದು ಚರಂಡಿ ಬೇಕೇ ಬೇಕು. ಹಸಿರಾಗಿಯೇ ಬಿಟ್ಟರೆ ಕ್ಲೋರಿನ್ 10 ಪಿಪಿಎಂಗೆ ಏರಿಸಿ (ಹತ್ತರ ದ್ರವ ಮೂರೂವರೆ ಲೀಟರ್), ಹಗಲೂ ರಾತ್ರಿ ಪಂಪು ಬಿಡಿ, ದಿನಕ್ಕೆರಡು ಸಲ ಉಜ್ಜಿ, ಕ್ಲೋರಿನ್ ಇಳಿದಂತೆಲ್ಲ ಮತ್ತೆ 10ಕ್ಕೆ ಏರಿಸುತ್ತಿರಿ. ರಾತ್ರಿ ಅಳೆದದ್ದಕ್ಕೂ ಬೆಳಿಗ್ಗೆ ಅಳೆದದ್ದಕ್ಕೂ 1 ಪಿಪಿಎಂಗಿಂತ ಜಾಸ್ತಿ ವ್ಯತ್ಯಾಸ ಇಲ್ಲ ಅಂತಾದಾಗ ಪಾಚಿ ಸತ್ತಿದೆ. ಕ್ಲೋರಿನ್ ಮತ್ತೆ 4ಕ್ಕೆ ಇಳಿದ ಮೇಲೆ ಈಜಿ. ಪೂಲ್ ದಡದಲ್ಲಿ ನಿಂತು ನೋಡಿದರೆ ತಳದ ಡ್ರೇನಿನ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಯಾರೂ ಇಳಿಯಬಾರದು, ಮುಳುಗಿದವರೂ ಕಾಣುವುದಿಲ್ಲ.

ಎಲ್ಲ ಹಸಿರೂ ಪಾಚಿಯಲ್ಲ. ಮೇ ಕೊನೆಯಲ್ಲಿ ಅಡಿಕೆಗೆ ಮದ್ದು ಬಿಡುತ್ತೀರಲ್ಲ, ಕೊಳೆರೋಗಕ್ಕೆ? ಮೈಲುತುತ್ತು ಅಂದರೆ ತಾಮ್ರ. ತೋಟಕ್ಕೆ ತಾಗಿಯೇ ಪೂಲ್ ಇದ್ದರೆ ಗಾಳಿಗೆ ಆ ಹನಿ ನೀರಿಗೆ ಬೀಳುತ್ತದೆ. ಹುಳಿ ನೀರಿನಲ್ಲಿ ತಾಮ್ರ ಕರಗಿ ನೀರು ತಿಳಿಯಾಗಿದ್ದೂ ಹಸಿರು ಛಾಯೆ ಬರುತ್ತದೆ, ಟೈಲ್ಸ್‌ಗೆ ಕಲೆ ಹಿಡಿಯುತ್ತದೆ. ಗೋಡೆ ಜಾರುತ್ತಿದ್ದರೆ ಪಾಚಿ, ಜಾರದೆ ತಿಳಿ ಹಸಿರಾದರೆ ಲೋಹ. ಲೋಹಕ್ಕೆ ಕ್ಲೋರಿನ್ ಸುರಿದರೆ ಇನ್ನಷ್ಟು ಕೆಡುತ್ತದೆ. ಮದ್ದು ಬಿಡುವ ದಿನ ಪೂಲ್‌ಗೆ ಟಾರ್ಪಾಲು ಎಳೆಯಿರಿ, ಕೆಲಸ ಮುಗಿದ ಕೂಡಲೇ ತೆಗೆಯಿರಿ. ಬೋರ್‌ವೆಲ್ ನೀರು ಸೇರಿಸುವುದಾದರೆ ಮೊದಲು ಒಂದು ಬಿಳಿ ಬಕೆಟಿನಲ್ಲಿ ಆ ನೀರು ಹಿಡಿದು ಚಿಟಿಕೆ ಬ್ಲೀಚಿಂಗ್ ಪೌಡರಿನ ತಿಳಿ ಹಾಕಿ ರಾತ್ರಿ ಇಡಿ. ಬೆಳಿಗ್ಗೆ ಚಹಾದ ಬಣ್ಣ ಬಂದಿದ್ದರೆ ಕಬ್ಬಿಣ ಇದೆ, ಪೂಲ್‌ಗೆ ಬೇಡ.

ಖಾಲಿ ಮಾಡುವ ವಿಷಯ. ಮಳೆಗಾಲದಲ್ಲಿ ಪೂಲ್ ಪೂರ್ತಿ ಖಾಲಿ ಮಾಡುವುದು ನೀವು ಮಾಡಬಹುದಾದ ಅತಿ ದುಬಾರಿ ತಪ್ಪು. ಆಗ ನೆಲದೊಳಗಿನ ನೀರು ಮೇಲೆ ಬಂದಿರುತ್ತದೆ. ಒಳಗಿನ ನೀರಿನ ಭಾರ ಹೋದರೆ ಕೆಳಗಿನ ನೀರು ಪೂಲನ್ನೇ ಮೇಲೆ ಎತ್ತುತ್ತದೆ, ತಳ ಬಿರಿಯುತ್ತದೆ. ಖಾಲಿ ಮಾಡಲೇಬೇಕಾದ ರಿಪೇರಿ ಇದ್ದರೆ ಬೇಸಿಗೆಯಲ್ಲಿ, ಪಕ್ಕದ ಬಾವಿಯ ಮಟ್ಟ ಪೂಲ್‌ನ ತಳಕ್ಕಿಂತ ಚೆನ್ನಾಗಿ ಕೆಳಗಿದೆ ಅಂತ ನೋಡಿಕೊಂಡು ಮಾಡಿ.

ಫಿಲ್ಟರಿನ ಬಗ್ಗೆ ಹೆಚ್ಚಿಲ್ಲ. ತೊಳೆದ ದಿನ ಗೇಜು ಎಷ್ಟು ತೋರಿಸುತ್ತದೆ ಅಂತ ಬರೆದಿಡಿ. ಒತ್ತಡ ಅದಕ್ಕಿಂತ 8-10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಉಲ್ಟಾ ಹರಿಸಿ ತೊಳೆಯಿರಿ, ಎರಡು ಮೂರು ನಿಮಿಷ. ಪಂಪು ನಿಲ್ಲಿಸದೆ ವಾಲ್ವ್ ತಿರುಗಿಸಬೇಡಿ. ಅಡಿಕೆಯ ಹಾಳೆ, ಸೋಗೆ, ಹಿಂಗಾರ ನೀರಲ್ಲಿ ಕೊಳೆತಷ್ಟೂ ಕ್ಲೋರಿನ್ ತಿನ್ನುತ್ತದೆ, ಅದೇ ದಿನ ತೆಗೆಯಿರಿ. ಪೂಲ್ ಮೇಲೆ ಬಾಗಿದ ತೆಂಗಿನ ಮರ ಇದ್ದರೆ ಕಾಯಿ ಇಳಿಸದೆ ಮಕ್ಕಳನ್ನು ಬಿಡಬೇಡಿ. ಒಂದು ಮೂಲೆಯಲ್ಲಿ ಓರೆಯಾಗಿ ಹಲಗೆ ಇಟ್ಟರೆ ಬಿದ್ದ ಕಪ್ಪೆ, ಕೇರೆ ಹಾವು ತಾನೇ ಹತ್ತಿ ಹೋಗುತ್ತದೆ.

ಇನ್ನು ಮನೆಯವರ ಹೆದರಿಕೆ. ಅದು ಸುಮ್ನೆ ಅಲ್ಲ. ಮಿದುಳಿಗೆ ಹೋಗುವ ಈ ಅಮೀಬಾ ಬೆಚ್ಚಗಿನ, ನಿಂತ ಸಿಹಿನೀರಿನಲ್ಲಿ, ತಳದ ಕೆಸರಿನಲ್ಲಿ, ಗೋಡೆಯ ಲೋಳೆಯಲ್ಲಿ ಬದುಕುತ್ತದೆ. ನೀರು ಕುಡಿದರೆ ಬರುವುದಿಲ್ಲ, ಮೂಗಿಗೆ ನುಗ್ಗಿದರೆ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕೇರಳದ ಆರೋಗ್ಯ ಇಲಾಖೆ ಈಜುಕೊಳಕ್ಕೆ ಸರಿಯಾಗಿ ಕ್ಲೋರಿನ್ ಹಾಕಿ, ನಿಂತ ನೀರಿಗೆ ಹಾರಬೇಡಿ ಅನ್ನುವುದು ಇದಕ್ಕೇ. ಫ್ರೀ ಕ್ಲೋರಿನ್ ಮತ್ತು ಪಿಎಚ್ ನಾನು ಹೇಳಿದ ಅಳತೆಯಲ್ಲಿ ಸದಾ ಇದ್ದು, ಗೋಡೆಯನ್ನು ವಾರಕ್ಕೊಮ್ಮೆ ಉಜ್ಜಿದರೆ ಅದಕ್ಕೆ ನೆಲೆ ಸಿಗುವುದಿಲ್ಲ. ಸಯನ್ಯೂರಿಕ್ ಆಸಿಡ್ 150 ಇರುವ ಪೂಲ್‌ನಲ್ಲಿ ಮಾತ್ರ ನಾನು ಈ ಭರವಸೆ ಕೊಡಲಾರೆ. ತಿಂಗಳುಗಟ್ಟಲೆ ಬಿಟ್ಟ ಹಸಿರು ಪೂಲ್, ಉಪಯೋಗಿಸದ ಹಳೇ ಕೆರೆ, ಇವೆರಡಕ್ಕೂ ಮಕ್ಕಳನ್ನು ಇಳಿಸಬೇಡಿ. ಈಜಿದ ಎರಡು ವಾರದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಈಜಿದ ವಿಷಯವನ್ನು ನೀವಾಗಿಯೇ ಡಾಕ್ಟರಿಗೆ ಹೇಳಿ. 2024ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗ ಗುಣವಾಗಿ ಮನೆಗೆ ಹೋದದ್ದು ಬೇಗ ಗುರುತಿಸಿದ್ದರಿಂದ.

ನೀರಿಗಿಳಿಯುವ ಮೊದಲು ಎಲ್ಲರೂ ಸಾಬೂನು ಹಾಕಿ ಸ್ನಾನ ಮಾಡಲಿ. ಮೈತುಂಬ ತೆಂಗಿನೆಣ್ಣೆ ಹಚ್ಚಿ ಕೆರೆಗೆ ಹಾರಿ ಬೆಳೆದವರು ನಾವು, ಪೂಲ್‌ನಲ್ಲಿ ಅದು ನಡೆಯುವುದಿಲ್ಲ. ಎಣ್ಣೆ ಅಂಚಿಗೆ ಪಟ್ಟಿ ಕಟ್ಟುತ್ತದೆ, ಫಿಲ್ಟರಿನ ಮರಳು ಗಂಟಾಗುತ್ತದೆ. ಲುಂಗಿ ಉಟ್ಟು ಇಳಿಯುವ ನೆಂಟರಿಗೂ ನಯವಾಗಿ ಹೇಳಿ, ಕಾಲಿಗೂ ಸುತ್ತಿಕೊಳ್ಳುತ್ತದೆ. ಪೂಲ್‌ನಿಂದ ಗಪ್ಪೆಂದು ಬರುವ ವಾಸನೆ ಕ್ಲೋರಿನ್ ಜಾಸ್ತಿ ಆದದ್ದಲ್ಲ, ಬೆವರು, ಮೂತ್ರದ ಜೊತೆ ಅದು ಸೇರಿ ಆದದ್ದು. ಒಳ್ಳೆಯ ಪೂಲ್‌ಗೆ ವಾಸನೆ ಇರುವುದೇ ಇಲ್ಲ ಅನ್ನಬಹುದು. ಬೇಧಿ ಇರುವ ಮಗುವನ್ನು ಇಳಿಸಬೇಡಿ, ಕೆಲವು ಬೇಧಿಯ ಜೀವಾಣು ಕ್ಲೋರಿನ್ನಿನಲ್ಲೂ ದಿನಗಟ್ಟಲೆ ಬದುಕುತ್ತದೆ.

ರಾತ್ರಿ ಈಜುವ ಆಸೆ ಇದ್ದರೆ ನೀರೊಳಗಿನ ದೀಪ 12 ವೋಲ್ಟಿನದೇ ಆಗಿರಲಿ. ಪಂಪಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಏಪ್ರಿಲ್-ಮೇ ಸಂಜೆ, ತುಲಾವರ್ಷದ (ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆ) ಕಾಲ, ಎರಡೂ ನಮ್ಮಲ್ಲಿ ಸಿಡಿಲಿನ ಹೊತ್ತು. ಮೊದಲ ಗುಡುಗಿಗೇ ಎಲ್ಲರೂ ಹೊರಗೆ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಯಾರೂ ನೀರಿಗಿಲ್ಲ. ನಾಲ್ಕು ಅಡಿ ಆಳಕ್ಕೆ ತಲೆ ಕೆಳಗಾಗಿ ಹಾರುವುದು ಯಾರಿಗೂ ಬೇಡ, ಕುತ್ತಿಗೆ ಮುರಿಯುತ್ತದೆ.

ಒಂದು ವೇಳೆ ಯಾರಾದರೂ ಮುಳುಗಿದರೆ: ಎತ್ತಿ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು, ಹೆಗಲ ಮೇಲೆ ಹಾಕಿ ಓಡುವುದು ಮಾಡಬೇಡಿ, ಇದರಲ್ಲಿ ಹೋಗುವ ಒಂದೊಂದು ನಿಮಿಷವೂ ಮಿದುಳಿಗೆ ನಷ್ಟ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಮತ್ತೆ ಎರಡು ಉಸಿರು. ಇನ್ನೊಬ್ಬರು ಆಂಬುಲೆನ್ಸಿಗೆ, 108ಕ್ಕೆ ಫೋನ್ ಮಾಡಲಿ. ಎಚ್ಚರ ಬಂದು ಮಾತಾಡಿದರೂ ಆಸ್ಪತ್ರೆಗೆ ಹೋಗಲೇಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಅರ್ಧ ದಿನದ ತರಬೇತಿಗೆ ನೀವೂ ಮನೆಯವರೂ ಒಟ್ಟಿಗೆ ಹೋಗಿ ಬನ್ನಿ. ಅಮ್ಮನಿಗೆ ಬೆಂಚಿನ ಮೇಲೆ ಕೂತು ಕಾವಲಿರುವ ಕೆಲಸ ಕೊಡುವುದಾದರೆ ಒಂದು ಸೀಟಿ ಕೊಡಿ, ಒಂದು ಉದ್ದ ಬಿದಿರೂ ಪಕ್ಕದಲ್ಲಿರಲಿ. ಹಗ್ಗ ಕಟ್ಟಿದ ಹಳೇ ಟ್ಯೂಬೂ ಸಾಕು.

ರಜೆ ಶುರುವಾಗಲು ಸಮಯ ಇದೆ. ಮೊದಲು ಬೇಲಿಯ ಆರ್ಡರ್ ಕೊಡಿ, ಜೊತೆಗೇ ಕಿಟ್ ತರಿಸಿ. ಐದೂ ಅಳತೆ, ಬಾವಿ ನೀರಿನ ಪಿಎಚ್, ಸುರಂಗದ ನೀರಿನ ಪಿಎಚ್ ಬೇರೆ ಬೇರೆಯಾಗಿ ಬರೆದು ಕಳಿಸಿ. ಮೇಲೆ ಹೇಳಿದ 4 ಕಿಲೋ ಸೋಡಾ, 9 ಕಿಲೋ ಚಕ್ಕೆ ಅಂದಾಜಿನ ಲೆಕ್ಕ. ಅರ್ಧ ನೀರು ಬದಲಿಸಿದ ಮೇಲೆ ಅಳೆದರೆ ಅದು ಬದಲಾಗುತ್ತದೆ.